ಮೈಸೂರು ಆಕಾಶವಾಣಿಗೆ ವಯಸ್ಸೆಷ್ಟು?

ಈ ಪ್ರಶ್ನೆಯನ್ನು ಮೈಸೂರಿನಲ್ಲಿ ಕೇಳಿ ನೋಡಿ, ಮೂರು ಉತ್ತರ ಬರುತ್ತವೆ. ಹಳಬರು 1935 ಅನ್ನುತ್ತಾರೆ. ಸರ್ಕಾರಿ ಕಾಗದ ಪತ್ರ ನೋಡಿ ಮಾತಾಡುವವರು 1950 ಅನ್ನಬಹುದು. ಈಗಿನ ಕಾರ್ಯಕ್ರಮಗಳನ್ನು ಕೇಳುತ್ತಾ ಬೆಳೆದವರು 1974 ಅನ್ನುತ್ತಾರೆ. ಮೂರೂ ಸರಿ. ಯಾಕೆಂದರೆ ರೇಡಿಯೋ ನಿಲಯ ಅಂದರೆ ಒಂದು ವಸ್ತುವಲ್ಲ. ಗಾಳಿಯಲ್ಲಿ ಮಾತಾಡಲು ಸಿಕ್ಕ ಅನುಮತಿ, ಮಾತನ್ನು ಹೊರಗೆ ಕಳಿಸುವ ಯಂತ್ರ, ಜನ ಗುರುತು ಹಿಡಿಯುವ ಹೆಸರು, ಕೊನೆಗೆ ಕಿವಿಗೆ ಬೀಳುವ ಕಾರ್ಯಕ್ರಮ, ಈ ನಾಲ್ಕೂ ಸೇರಿ ನಿಲಯ. ಮಾಲೀಕರು ಬದಲಾದಾಗ ಈ ನಾಲ್ಕೂ ಒಟ್ಟಿಗೆ ಕೈ ಬದಲಾಯಿಸಬೇಕು ಅಂತೇನಿಲ್ಲ. ಮೈಸೂರಿನ ನಿಲಯದ ಕತೆಯಲ್ಲಿ ಈ ನಾಲ್ಕೂ ನಾಲ್ಕು ದಿಕ್ಕಿಗೆ ಹೋಗಿವೆ.

ಮೊದಲಿನಿಂದ ಬರೋಣ. ಎಂ.ವಿ. ಗೋಪಾಲಸ್ವಾಮಿ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಓದಿ ಬಂದವರು. ಅವರ ಮನೆಯ ಹೆಸರು ವಿಠಲ ವಿಹಾರ. ಇವತ್ತು ಯಾದವಗಿರಿಯಲ್ಲಿರುವ ಆಕಾಶವಾಣಿ ಕಟ್ಟಡದಿಂದ ಅಲ್ಲಿಗೆ ಸುಮಾರು 200 ಗಜ, ಎರಡು ಮೂರು ನಿಮಿಷದ ನಡಿಗೆ ಅಷ್ಟೇ. 1935ರ ಸೆಪ್ಟೆಂಬರ್ 10ರಂದು ಆ ಮನೆಯಿಂದ ಪ್ರಸಾರ ಶುರುವಾಯಿತು. ಮೊದಲ ದಿನ ಕವಿತೆ ಓದಿದವರು ಕುವೆಂಪು. ಯಂತ್ರದ ಶಕ್ತಿ 30 ವ್ಯಾಟ್. ಬಚ್ಚಲು ಮನೆಗೆ ಹಾಕುವ ಹಳೇ ಕಾಲದ ಸಣ್ಣ ಬಲ್ಬು ಇತ್ತಲ್ಲ, ಹೆಚ್ಚು ಕಡಿಮೆ ಅಷ್ಟು.

ಅಷ್ಟರಲ್ಲಿ ಊರಿಗೆಲ್ಲ ಕೇಳಿಸುತ್ತದಾ ಅಂತ ಅನುಮಾನ ಬರುವುದು ಸಹಜ. ಆಗಿನ ಮೈಸೂರಿನಲ್ಲಿ ಗಾಳಿ ಖಾಲಿ ಇತ್ತು. ಇವತ್ತಿನ ಹಾಗೆ ಮೊಬೈಲು, ಟ್ಯೂಬ್‌ಲೈಟಿನ ಚೋಕು, ಇನ್ವರ್ಟರು, ಚಾರ್ಜರುಗಳ ಗಲಾಟೆ ಇರಲಿಲ್ಲ. ನಡುರಾತ್ರಿ ಹಳ್ಳಿಯಲ್ಲಿ ಯಾರೋ ಕೆಮ್ಮಿದರೆ ಬೀದಿಗೆಲ್ಲ ಕೇಳುತ್ತದೆ, ಅದೇ ಕೆಮ್ಮು ದೇವರಾಜ ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಪಕ್ಕದವನಿಗೂ ಕೇಳುವುದಿಲ್ಲ. ರೇಡಿಯೋದಲ್ಲೂ ಹಾಗೇ. ನಮ್ಮ ದನಿ ಎಷ್ಟು ಜೋರು ಅನ್ನುವುದರ ಜೊತೆಗೆ ಸುತ್ತ ಎಷ್ಟು ಗದ್ದಲ ಇದೆ ಅನ್ನುವುದೂ ಮುಖ್ಯ. ಮುಂದೆ ಗೋಪಾಲಸ್ವಾಮಿಯವರು 250 ವ್ಯಾಟಿನ ಯಂತ್ರವನ್ನು ಹೊರದೇಶದಿಂದ ತರಿಸಿದರು.

ನಿಲಯಕ್ಕೆ ಅವರು ಇಟ್ಟ ಹೆಸರು 'ಆಕಾಶವಾಣಿ'. ಹೆಸರು ಸೂಚಿಸಿದವರು ಅವರ ಜೊತೆಗಿದ್ದ ನಾ. ಕಸ್ತೂರಿ ಎಂದು ಹೇಳುವುದುಂಟು. ಯಾರೇ ಸೂಚಿಸಿರಲಿ, ಎಂಥ ಹೆಸರು ನೋಡಿ! ಪುರಾಣದಲ್ಲಿ ಕಂಸನಿಗೆ ಕೇಳಿಸಿದ ಅಶರೀರವಾಣಿಯನ್ನು ಹರಿಕಥೆ, ಬಯಲಾಟಗಳಲ್ಲಿ ಕೇಳಿ ಗೊತ್ತಿದ್ದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮೈ ಕಾಣುವುದಿಲ್ಲ, ಮಾತು ಕೇಳುತ್ತದೆ.

ಆಗ ದೇಶದ ಉಳಿದ ಕಡೆ ಏನಿತ್ತು ಅನ್ನುವುದನ್ನೂ ನೋಡಬೇಕು. 1927ರಲ್ಲಿ ಮುಂಬೈ, ಕಲ್ಕತ್ತಾಗಳಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಅನ್ನುವ ಖಾಸಗಿ ಕಂಪನಿ ನಿಲಯ ತೆರೆದಿತ್ತು. ಮೂರು ವರ್ಷ ಆಗುವುದರೊಳಗೆ ಅದು ಬಾಗಿಲು ಹಾಕಿತು. 1930ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ಕೈಗೆ ತೆಗೆದುಕೊಂಡಿತು. 1936ರ ಜೂನ್ 8ರಿಂದ ಆ ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಅಂತ ಹೆಸರಾಯಿತು. ಅಂದರೆ, ಗೋಪಾಲಸ್ವಾಮಿಯವರ ಮನೆಯ ಪ್ರಸಾರ ಶುರುವಾದಾಗ 'ಆಲ್ ಇಂಡಿಯಾ ರೇಡಿಯೋ' ಅನ್ನುವ ಹೆಸರೇ ಹುಟ್ಟಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಊರಿನಲ್ಲಿ ಸಂಗೀತಗಾರರಿಗೆ, ಕವಿಗಳಿಗೆ, ಪಾಠ ಹೇಳುವವರಿಗೆ ಕೊರತೆ ಇರಲಿಲ್ಲ. ಅರಮನೆಯಿಂದ ಮಹಾರಾಜಾ ಕಾಲೇಜಿನವರೆಗೆ ಒಂದು ಸುತ್ತು ಹೊಡೆದರೆ ಒಂದು ತಿಂಗಳ ಕಾರ್ಯಕ್ರಮಕ್ಕೆ ಬೇಕಾದ ಜನ ಸಿಗುತ್ತಿದ್ದರು.

ಸಿಗದೇ ಇದ್ದದ್ದು ದುಡ್ಡು. ರೇಡಿಯೋದ ಮೂಲ ಕಷ್ಟ ಇದೇ, ಇವತ್ತಿಗೂ ಇದೇ. ಹೋಟೆಲಿನವನು ಕಾಫಿ ಕೊಟ್ಟು ಕಾಸು ಇಸಕೊಳ್ಳುತ್ತಾನೆ. ಪತ್ರಿಕೆಯವನು ಪ್ರತಿ ಮಾರುತ್ತಾನೆ. ರೇಡಿಯೋದವನು ಒಂದು ಸಲ ಗಾಳಿಗೆ ಬಿಟ್ಟ ಮೇಲೆ ಯಾರು ಕೇಳಿದರು, ಎಷ್ಟು ಜನ ಕೇಳಿದರು, ಗೊತ್ತಾಗುವುದಿಲ್ಲ. ಕೇಳಿದವರಿಂದ ವಸೂಲಿ ಮಾಡಲೂ ಆಗುವುದಿಲ್ಲ. ಹಾಗಾಗಿ ರೇಡಿಯೋಗೆ ದುಡ್ಡು ಬರುವ ದಾರಿಗಳು ಕೆಲವೇ. ಒಂದೋ ಯಾರಾದರೂ ಕೈಯಿಂದ ಹಾಕಬೇಕು. ಇಲ್ಲವೇ ಸರ್ಕಾರ ತೆರಿಗೆಯಿಂದ ಕೊಡಬೇಕು. ಅಥವಾ ಸೆಟ್ ಇಟ್ಟುಕೊಂಡವರಿಂದ ಲೈಸೆನ್ಸ್ ಶುಲ್ಕ ವಸೂಲು ಮಾಡಬೇಕು. ನಮ್ಮ ಮನೆಯ ಹಿರಿಯರು ವರ್ಷ ವರ್ಷ ಪೋಸ್ಟಾಫೀಸಿಗೆ ಹೋಗಿ ರೇಡಿಯೋ ಲೈಸೆನ್ಸ್ ಪುಸ್ತಕಕ್ಕೆ ಸ್ಟಾಂಪು ಹಚ್ಚಿಸಿಕೊಂಡು ಬರುತ್ತಿದ್ದದ್ದು ಇದಕ್ಕೇ. ಅದೂ ಇಲ್ಲ ಅಂದರೆ ಜಾಹೀರಾತು. ದುಡ್ಡು ಯಾವ ದಾರಿಯಿಂದ ಬರುತ್ತದೋ, ಕಾರ್ಯಕ್ರಮದ ಧಾಟಿ ಆ ಕಡೆಗೆ ವಾಲುತ್ತದೆ. ಇಷ್ಟು ಹಿಡಿದುಕೊಂಡರೆ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಗೋಪಾಲಸ್ವಾಮಿಯವರದು ಕೈಯಿಂದ ಹಾಕುವ ದಾರಿ. ಅದಕ್ಕೇ ಅವರ ನಿಲಯಕ್ಕೆ ತರಗತಿಯ, ಸಂಗೀತ ಸಭೆಯ ಗುಣ ಇತ್ತು. ಅವರಿಗೆ ಯಾವುದು ಊರಿಗೆ ಬೇಕು ಅನ್ನಿಸಿತೋ ಅದು ಪ್ರಸಾರವಾಯಿತು. ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೆ ಮೇಷ್ಟರ ಸಂಬಳದಲ್ಲಿ ಎಷ್ಟು ದಿನ? ನಗರಸಭೆಯ ನೆರವು ಬಂತು. ಆಮೇಲೆ 1940ರ ದಶಕದ ಮೊದಲ ವರ್ಷಗಳಲ್ಲಿ ಮೈಸೂರು ಸಂಸ್ಥಾನದ ಸರ್ಕಾರವೇ ನಿಲಯವನ್ನು ವಹಿಸಿಕೊಂಡಿತು. ಮಾಲೀಕರು ಬದಲಾದರು, ಹೆಸರು ಉಳಿಯಿತು. ಊರೂ ಬದಲಾಗಲಿಲ್ಲ, ಭಾಷೆಯೂ ಬದಲಾಗಲಿಲ್ಲ. ಕೇಳುವವರಿಗೆ ದೊಡ್ಡ ವ್ಯತ್ಯಾಸ ಆಗದ ಕೈ ಬದಲಾವಣೆ ಇದು.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಉಳಿದ ಆಲ್ ಇಂಡಿಯಾ ರೇಡಿಯೋ ನಿಲಯಗಳು ಆರೇ ಆರು: ದೆಹಲಿ, ಮುಂಬೈ, ಕಲ್ಕತ್ತಾ, ಮದ್ರಾಸು, ಲಖನೌ, ತಿರುಚಿರಾಪಳ್ಳಿ. ಕನ್ನಡನಾಡಿನದು ಒಂದೂ ಇಲ್ಲ. ಅವರ ಪಟ್ಟಿಯಲ್ಲಿ ಇಲ್ಲದಿದ್ದರೂ ಮೈಸೂರಿನಲ್ಲಿ ಕನ್ನಡ ಗಾಳಿಯಲ್ಲಿ ಹರಿಯುತ್ತಲೇ ಇತ್ತು, ಹನ್ನೆರಡು ವರ್ಷದಿಂದ. ನನಗೆ ಈ ಇಡೀ ಕತೆಯಲ್ಲಿ ಹೆಚ್ಚು ಹೆಮ್ಮೆ ಅನ್ನಿಸುವುದು ಇಲ್ಲೇ.

ನಂತರ ಸಂವಿಧಾನ ಬಂತು. ಅದರ ಏಳನೇ ಅನುಸೂಚಿಯಲ್ಲಿ ಯಾವ ಕೆಲಸ ಕೇಂದ್ರದ್ದು, ಯಾವುದು ರಾಜ್ಯದ್ದು ಅಂತ ಪಟ್ಟಿ ಇದೆ. ಕೇಂದ್ರದ ಪಟ್ಟಿಯ 31ನೇ ಸಾಲಿನಲ್ಲಿ ಅಂಚೆ, ತಂತಿ, ದೂರವಾಣಿ, ವೈರ್‌ಲೆಸ್‌ಗಳ ಜೊತೆ ಪ್ರಸಾರವೂ ಸೇರಿತು. ಆ ಒಂದು ಸಾಲಿನಿಂದ ಯಾವ ರಾಜ್ಯವೂ ತನ್ನದೇ ರೇಡಿಯೋ ಇಟ್ಟುಕೊಳ್ಳುವ ದಾರಿ ಮುಚ್ಚಿತು. 1950ರ ಏಪ್ರಿಲ್ 1ರಂದು ಮೈಸೂರಿನ ನಿಲಯ ಆಲ್ ಇಂಡಿಯಾ ರೇಡಿಯೋಗೆ ಸೇರಿತು. ಹೈದರಾಬಾದು, ತಿರುವನಂತಪುರದಂಥ ಬೇರೆ ಸಂಸ್ಥಾನಗಳ ನಿಲಯಗಳ ಪಾಡೂ ಇದೇ. ಯಂತ್ರ ಕೇಂದ್ರದ್ದಾಯಿತು, ಅನುಮತಿ ಕೇಂದ್ರದ್ದಾಯಿತು. ಇನ್ನು ಹೆಸರು? 1950ರ ದಶಕದಲ್ಲಿ ಕೇಂದ್ರ ಸರ್ಕಾರ ಇಡೀ ಸಂಸ್ಥೆಗೇ 'ಆಕಾಶವಾಣಿ' ಅಂತ ಹೆಸರಿಟ್ಟುಕೊಂಡಿತು. ಚಿಕ್ಕ ನಿಲಯವನ್ನು ದೊಡ್ಡ ಸಂಸ್ಥೆ ಸೇರಿಸಿಕೊಂಡಾಗ ಚಿಕ್ಕದರ ಹೆಸರು ಅಳಿಸಿ ಹೋಗುವುದು ವಾಡಿಕೆ. ಇಲ್ಲಿ ಉಲ್ಟಾ ಆಯಿತು. 2023ರಲ್ಲಿ 'ಆಲ್ ಇಂಡಿಯಾ ರೇಡಿಯೋ' ಅನ್ನುವುದನ್ನು ಕೈಬಿಟ್ಟು 'ಆಕಾಶವಾಣಿ' ಒಂದನ್ನೇ ಬಳಸಬೇಕು ಅಂತ ಆದೇಶವೂ ಆಯಿತು.

ಹೆಸರು ದೇಶಕ್ಕೆಲ್ಲ ಹಬ್ಬುತ್ತಿದ್ದ ಅದೇ ಹೊತ್ತಿಗೆ ಮೈಸೂರು ತನ್ನ ನಿಲಯವನ್ನು ಕಳೆದುಕೊಂಡಿತು. 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಶುರುವಾಯಿತು. ಮೈಸೂರಿನ ನಿಲಯ ಅಲ್ಲಿಗೆ ಹೋಯಿತು. ಈ ಸಲ ಮಾಲೀಕರು ಬದಲಾಗಿಲ್ಲ ಅನ್ನುವುದನ್ನು ಗಮನಿಸಿ. 1950ರಲ್ಲಿ ಯಾರ ಕೈಗೆ ಬಂದಿತ್ತೋ 1955ರಲ್ಲೂ ಅವರದೇ. ಕಾಗದದ ಮೇಲೆ ಏನೂ ಆಗಿಲ್ಲ, ಒಂದೇ ಸಂಸ್ಥೆಯೊಳಗಿನ ವರ್ಗಾವಣೆ. ಆದರೆ ಒಂಟಿಕೊಪ್ಪಲಿನ ಮನೆಯಲ್ಲಿ ಕೂತು ಕೇಳುವವನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಬದಲಾವಣೆ. ಸಂಜೆ ಸೈಕಲ್ ತುಳಿದುಕೊಂಡು ಸ್ಟುಡಿಯೋಗೆ ಹೋಗಿ ಹಾಡಿ ಬರಬಹುದಾಗಿದ್ದ ಕಲಾವಿದ ಇನ್ನು ರೈಲು ಹತ್ತಬೇಕು. ಪಕ್ಕದ ಬೀದಿಯ ಸುದ್ದಿ ಸುದ್ದಿಯಾಗಬೇಕಾದರೆ ಬೆಂಗಳೂರಿನಲ್ಲಿ ಕೂತವರಿಗೆ ಅದು ಮುಖ್ಯ ಅನ್ನಿಸಬೇಕು. ನಿಲಯ ಯಾರದು ಅನ್ನುವುದಕ್ಕಿಂತ ಮೈಕಿನ ಮುಂದೆ ಕೂತವರು ಎಲ್ಲಿಯವರು ಅನ್ನುವುದೇ ಹೆಚ್ಚು ಮುಖ್ಯ ಅಂತ ನಾನು ನಂಬುವುದು ಈ 1955ರ ಕಾರಣಕ್ಕೆ.

ಆ ದಿನಗಳಲ್ಲೇ ಧಾಟಿಯ ವಿಷಯದಲ್ಲೂ ಒಂದು ದೊಡ್ಡ ಏಟು ಬಿತ್ತು. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಇಷ್ಟವಿರಲಿಲ್ಲ. ಶಾಸ್ತ್ರೀಯ ಸಂಗೀತ ಕೇಳಿಸಿ ಜನರ ಕಿವಿ ತಿದ್ದಬೇಕು ಅನ್ನುವುದು ಅವರ ನಿಲುವು. ಆಕಾಶವಾಣಿಯಿಂದ ಸಿನಿಮಾ ಹಾಡು ಹೆಚ್ಚು ಕಡಿಮೆ ಮಾಯವಾಯಿತು. ಜನ ಏನು ಮಾಡಿದರು? ಸುಮ್ನೆ ಗುಂಡಿ ತಿರುಗಿಸಿದರು. ಸಮುದ್ರದಾಚೆಯ ರೇಡಿಯೋ ಸಿಲೋನ್ ಶಾರ್ಟ್ ವೇವ್‌ನಲ್ಲಿ ಹಾಡು ಹಾಕುತ್ತಿತ್ತು, ಜೊತೆಗೆ ಜಾಹೀರಾತಿನಲ್ಲಿ ದುಡ್ಡು ಮಾಡುತ್ತಿತ್ತು. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧ ಭಾರತಿ ಶುರು ಮಾಡಬೇಕಾಯಿತು. ಹತ್ತು ವರ್ಷದ ನಂತರ, 1967ರಲ್ಲಿ, ಅದರಲ್ಲಿ ಜಾಹೀರಾತೂ ಬಂತು. ಸರ್ಕಾರಿ ದುಡ್ಡಿನ ರೇಡಿಯೋಗೂ ಕೇಳುಗ ಒಂದು ಮಟ್ಟಿಗೆ ಯಜಮಾನನೇ, ಅವನ ಕೈಯಲ್ಲಿ ಗುಂಡಿ ಇರುವ ತನಕ.

ಮೈಸೂರಿಗೆ ಮತ್ತೆ ತನ್ನದೇ ನಿಲಯ ಬಂದದ್ದು 1974ರಲ್ಲಿ. ಹತ್ತೊಂಬತ್ತು ವರ್ಷದ ನಂತರ. ಅದು ಹೊಸದೋ, ಹಳೆಯದೇ ತಿರುಗಿ ಬಂದದ್ದೋ? ಅಧಿಕಾರಿಯೊಬ್ಬರ ಲೆಕ್ಕದಲ್ಲಿ ಹೊಸದು. ಊರಿನವರ ಲೆಕ್ಕದಲ್ಲಿ ತವರಿಗೆ ಬಂದ ಮಗಳು.

ಈಗ ಸ್ವಲ್ಪ ನಮ್ಮೂರಿನ ಕಡೆ ಬರುತ್ತೇನೆ. ಮಂಡ್ಯದ ಹತ್ತಿರ ನಮ್ಮ ದೊಡ್ಡಪ್ಪನ ಆಲೆಮನೆ ಇತ್ತು. ಗೂಟಕ್ಕೆ ಒಂದು ಟ್ರಾನ್ಸಿಸ್ಟರ್ ನೇತು ಹಾಕಿದ್ದರು. ಚರ್ಮದ ಕವರು ಬೆಲ್ಲದ ಜಿಗುಟಿಗೆ ಕಪ್ಪಗಾಗಿತ್ತು. ಹಿಂದಿನ ಮುಚ್ಚಳ ಕಳೆದುಹೋಗಿ ಸೆಲ್ಲುಗಳನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದಿದ್ದರು. ಸೆಲ್ಲು ಸೋತರೆ ಬಿಸಿಲಿಗಿಟ್ಟು ಇನ್ನೆರಡು ದಿನ ಓಡಿಸುತ್ತಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಯಾರೂ ಎದ್ದು ಹೋಗುವ ಹಾಗಿಲ್ಲ, ಪಾಕ ಕೆಡುತ್ತದೆ. ಹಾಗಾಗಿ ರೇಡಿಯೋ ಏನು ಹೇಳುತ್ತದೋ ಅದನ್ನೇ ಕೇಳಬೇಕು. ಮುಳ್ಳು ಯಾವಾಗಲೂ 612ರ ಹತ್ತಿರ, ಬೆಂಗಳೂರು ನಿಲಯದ ಮೇಲೆ ನಿಂತಿರುತ್ತಿತ್ತು.

"ದೊಡ್ಡಪ್ಪ, ಮೈಸೂರು ಹತ್ರ ಅಲ್ವಾ, ಅದನ್ನ ಹಾಕು" ಅಂತ ನಾನು ಒಂದು ಸಲ ಕೇಳಿದ್ದೆ. ಮೈಸೂರು ಎಫ್‌ಎಂನಲ್ಲಿ ಬರತೊಡಗಿದ್ದ ಕಾಲ ಅದು.

"ಅದು ಈ ಪೆಟ್ಟಿಗೇಲಿ ಬರಲ್ಲ ಕಣೋ ಮಗ, ಅದಕ್ಕೆ ಬೇರೆ ಪೆಟ್ಟಿಗೆ ಬೇಕಂತೆ" ಅಂದಿದ್ದರು.

ಹತ್ತಿರದ ನಿಲಯ ಬರುವುದಿಲ್ಲ, ದೂರದ್ದು ಬರುತ್ತದೆ. ಯಾಕೆ? ಬೆಂಗಳೂರಿನ ಆ ನಿಲಯ ಮೀಡಿಯಂ ವೇವ್‌ನಲ್ಲಿ, 612 ಕಿಲೋಹರ್ಟ್ಜ್‌ನಲ್ಲಿ. ಅದರ ಒಂದೊಂದು ಅಲೆಯ ಉದ್ದ ಸುಮಾರು 490 ಮೀಟರು. ಇಷ್ಟು ಉದ್ದದ ಅಲೆ ನೆಲ ಹಿಡಿದು ಹರಿಯುತ್ತದೆ, ಗುಡ್ಡ ಕಣಿವೆಗಳನ್ನು ಬಳಸಿಕೊಂಡು ಹೋಗುತ್ತದೆ. ಮೈಸೂರಿನ 100.6 ಮೆಗಾಹರ್ಟ್ಜ್ ಅಂದರೆ ಸೆಕೆಂಡಿಗೆ 10 ಕೋಟಿ 6 ಲಕ್ಷ ಕಂಪನ. ಅದರ ಅಲೆ ಮೂರು ಮೀಟರಿನಷ್ಟೇ, ಒಂದು ಸೀರೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅದು ಬೆಳಕಿನ ಹಾಗೆ ಹೆಚ್ಚು ಕಡಿಮೆ ನೇರ ಹೋಗುತ್ತದೆ, ಅಡ್ಡ ಬಂದದ್ದಕ್ಕೆ ಡಿಕ್ಕಿ ಹೊಡೆಯುತ್ತದೆ. ಗೋಪುರ ಕಾಣುವಷ್ಟು ದೂರ ಅಥವಾ ಅದಕ್ಕಿಂತ ಸ್ವಲ್ಪ ಆಚೆ, ಅಷ್ಟೇ ಅದರ ಸೀಮೆ. ಇದಲ್ಲದೆ ಎರಡರಲ್ಲೂ ಮಾತನ್ನು ಅಲೆಗೆ ಕಟ್ಟುವ ರೀತಿಯೇ ಬೇರೆ. ಮೀಡಿಯಂ ವೇವ್‌ನಲ್ಲಿ ಅಲೆಯ ಎತ್ತರ ಏರಿಳಿಯುತ್ತದೆ. ಎಫ್‌ಎಂನಲ್ಲಿ ಎತ್ತರ ಹಾಗೇ ಇರುತ್ತದೆ, ಕಂಪನದ ವೇಗ ಹೆಚ್ಚು ಕಡಿಮೆ ಆಗುತ್ತದೆ. ಸಿಡಿಲು, ಮೋಟರಿನ ಕಿಡಿ ಇವೆಲ್ಲ ಅಲೆಯ ಎತ್ತರವನ್ನು ಕೆಡಿಸುತ್ತವೆ. ಅದಕ್ಕೇ ಮಳೆಗಾಲದಲ್ಲಿ ಹಳೇ ಪೆಟ್ಟಿಗೆ ಕರಕರ ಅನ್ನುತ್ತಿತ್ತು, ಎಫ್‌ಎಂ ತಿಳಿಯಾಗಿ ಕೇಳುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ಅಲೆಯ ಸೀಮೆ ಚಿಕ್ಕದಾದರೆ ಊರಿನ ಮಾತಿಗೆ ಬೆಲೆ ಬರುತ್ತದೆ. ಇಡೀ ರಾಜ್ಯಕ್ಕೆ ಕೇಳುವ ನಿಲಯ ನಂಜನಗೂಡಿನ ಜಾತ್ರೆಯ ಬಗ್ಗೆ ಎರಡು ನಿಮಿಷ ಹೇಳಬಹುದು. ಮೈಸೂರು ಮಂಡ್ಯಕ್ಕೆ ಕೇಳುವ ನಿಲಯ ಅರ್ಧ ಗಂಟೆ ಹೇಳಬಹುದು. ಕೆ.ಆರ್.ಎಸ್ ತುಂಬಿತೋ ಇಲ್ಲವೋ, ನಾಲೆಗೆ ನೀರು ಯಾವಾಗ, ಭತ್ತಕ್ಕೆ ಬೆಂಕಿ ರೋಗ ಬಂದರೆ ಏನು ಹೊಡೆಯಬೇಕು, ಇದೆಲ್ಲ ಹತ್ತಿರದ ನಿಲಯದ ಮಾತು. ಜಂಬೂ ಸವಾರಿಯ ದಿನ ಮೈಸೂರು ನಿಲಯದ ವೀಕ್ಷಕ ವಿವರಣೆಯನ್ನು ಕಣ್ಣು ಮುಚ್ಚಿ ಕೇಳಿ ನೋಡಿ. ಅಂಬಾರಿ ಬಲರಾಮ ದ್ವಾರದಿಂದ ಹೊರಬಂತು ಅಂದ ಕೂಡಲೇ ಎಲ್ಲಿಗೆ ಬಂತು ಅಂತ ಮನಸ್ಸಿನಲ್ಲೇ ಕಾಣುವುದು ಊರು ಗೊತ್ತಿರುವವರಿಗೆ. ಹೇಳುವವರೂ ಅದನ್ನು ನಂಬಿಕೊಂಡೇ ಹೇಳುತ್ತಾರೆ.

ಮುಂದಿನ ಕೈ ಬದಲಾವಣೆ ಕಣ್ಣಿಗೆ ಬೀಳಲೇ ಇಲ್ಲ. 1997ರ ನವೆಂಬರಿನಲ್ಲಿ ಆಕಾಶವಾಣಿ, ದೂರದರ್ಶನ ಎರಡೂ ಪ್ರಸಾರ ಭಾರತಿ ಅನ್ನುವ ಸ್ವಾಯತ್ತ ನಿಗಮಕ್ಕೆ ಸೇರಿದವು. ಅದುವರೆಗೆ ನೇರವಾಗಿ ಸರ್ಕಾರದ ಇಲಾಖೆ. ಯಾದವಗಿರಿಯ ಗೇಟು ಹಾಗೇ ಇತ್ತು, ದನಿಗಳೂ ಅವೇ.

ಖಾಸಗಿಯವರು ಬಂದದ್ದು ಹೇಗೆ ಅನ್ನುವುದು ರುಚಿಯಾದ ಕತೆ. ಕಾರಣ ಕ್ರಿಕೆಟ್ಟು. 1993ರ ಹೀರೋ ಕಪ್ ಪಂದ್ಯಗಳನ್ನು ಟಿವಿಯಲ್ಲಿ ತೋರಿಸುವ ಹಕ್ಕಿನ ಬಗ್ಗೆ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಸರ್ಕಾರಕ್ಕೂ ಜಗಳ ಆಗಿ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿಯಲ್ಲಿ ಕೋರ್ಟು ಹೇಳಿತು: ಪ್ರಸಾರದ ತರಂಗಗಳು ಜನರ ಆಸ್ತಿ, ಸರ್ಕಾರದ ಏಕಸ್ವಾಮ್ಯ ಸಲ್ಲದು. ಆಮೇಲೆ ಎಫ್‌ಎಂ ತರಂಗಗಳ ಹರಾಜು ಶುರುವಾಯಿತು. 2001ರ ಜುಲೈನಲ್ಲಿ ಬೆಂಗಳೂರಿನ ರೇಡಿಯೋ ಸಿಟಿ ಕೇಳಿಸಿತು. 2005ರ ಎರಡನೇ ಸುತ್ತಿನ ನಂತರ ಮೈಸೂರಿನಂಥ ಊರುಗಳಿಗೂ ಖಾಸಗಿ ಎಫ್‌ಎಂ ಬಂತು.

ಇಲ್ಲಿ ದುಡ್ಡಿನ ದಾರಿ ಒಂದೇ, ಜಾಹೀರಾತು. ಮೈಸೂರಿನ ಸೀರೆ ಅಂಗಡಿ, ಬಡಾವಣೆ ಸೈಟು, ಕೋಚಿಂಗ್ ಕ್ಲಾಸು ಇವರೆಲ್ಲ ಸೇರಿ ಕೊಡಬಹುದಾದ ದುಡ್ಡು ಬೆಂಗಳೂರಿಗೆ ಹೋಲಿಸಿದರೆ ಕಡಿಮೆ. ಖರ್ಚು ಮಾತ್ರ ಊರು ಚಿಕ್ಕದು ಅಂತ ಅದೇ ಲೆಕ್ಕದಲ್ಲಿ ಇಳಿಯುವುದಿಲ್ಲ. ಯಂತ್ರ, ಕರೆಂಟು, ಹಾಡಿನ ರಾಯಧನ, ಸರ್ಕಾರಕ್ಕೆ ಕೊಡುವ ವಾರ್ಷಿಕ ಶುಲ್ಕ ಇದ್ದದ್ದೇ. ಆಗ ಕಂಪನಿಗೆ ಕಾಣುವ ಸುಲಭ ದಾರಿ, ಒಂದೇ ಕಾರ್ಯಕ್ರಮವನ್ನು ಹಲವು ಊರುಗಳಲ್ಲಿ ಹಾಕುವುದು. ನೆಟ್‌ವರ್ಕಿಂಗ್ ಅಂತ ಇದಕ್ಕೆ ಹೆಸರು, ನಿಯಮದಲ್ಲೂ ಅವಕಾಶ ಇದೆ. ಸುದ್ದಿಯನ್ನು ತಾವೇ ಮಾಡುವ ಹಾಗಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೇ ಹಾಕಬಹುದು ಅಷ್ಟೇ. ಸುದ್ದಿ ಇಲ್ಲ, ಜಾಹೀರಾತಿಗೆ ಎಲ್ಲರೂ ಕೇಳಬೇಕು. ಇನ್ನೇನು ಉಳಿಯಿತು? ಸಿನಿಮಾ ಹಾಡು, ಹರಟೆ. ಆರ್‌ಜೆಗಳಿಗೆ ಬೇರೆ ಏನೂ ಬರುವುದಿಲ್ಲ ಅಂತ ಬೈಯುವವರನ್ನು ಕಂಡಾಗ ನನಗೆ ಬೇಸರ ಆಗುತ್ತದೆ. ಅವರಲ್ಲಿ ಎಷ್ಟೋ ಜನ ಊರನ್ನು ಚೆನ್ನಾಗಿ ಬಲ್ಲವರು. ಅವರ ಕೈ ಕಟ್ಟಿರುವುದು ಈ ಲೆಕ್ಕ.

ಖಾಸಗಿ ಎಫ್‌ಎಂನಲ್ಲಿ ಮಾಲೀಕರು ಬದಲಾಗುವ ರೀತಿಯೂ ಬೇರೆ. ತರಂಗದ ಪರವಾನಗಿಯನ್ನು ಸರ್ಕಾರದ ಒಪ್ಪಿಗೆ ಇಲ್ಲದೆ ಮನೆ ಮಾರಿದ ಹಾಗೆ ಮಾರಲು ಆಗುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಕೈ ಬದಲಾಗುವುದು ಪರವಾನಗಿ ಇರುವ ಕಂಪನಿಯೇ. ಬಿಗ್ ಎಫ್‌ಎಂ ಅನ್ನು ನೋಡಿ. ಮೈಸೂರಿನಲ್ಲೂ ಇರುವ ಈ ಜಾಲ ರಿಲಯನ್ಸ್ ಬ್ರಾಡ್‌ಕಾಸ್ಟ್ ನೆಟ್‌ವರ್ಕ್ ಕಂಪನಿಯದು. ಆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. 2024ರಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿಯ ಒಪ್ಪಿಗೆಯೊಂದಿಗೆ ಅದು ಸಫೈರ್ ಮೀಡಿಯಾದ ಪಾಲಾಯಿತು. ಮಾಲೀಕರು ಪೂರ್ತಿ ಬದಲಾದರು. ಅಗ್ರಹಾರದ ಟೀ ಅಂಗಡಿಯಲ್ಲಿ ಹಾಡು ಕೇಳುತ್ತಿದ್ದವರಿಗೆ ಇದು ಗೊತ್ತಾಗಬೇಕಾದ ಕಾರಣವೇ ಇರಲಿಲ್ಲ. ಇದನ್ನು 1955ರ ಪಕ್ಕದಲ್ಲಿಟ್ಟು ನೋಡಿ.

ಇನ್ನೊಂದು ಕವಲು ಇದೆ, ನನಗೆ ತುಂಬಾ ಪ್ರೀತಿಯದು. 2006ರಲ್ಲಿ ಸರ್ಕಾರ ಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸಲು ಅವಕಾಶ ಕೊಟ್ಟಿತು. ಅದಕ್ಕೂ ಮೊದಲು ವಿದ್ಯಾಸಂಸ್ಥೆಗಳಿಗೆ ಮಾತ್ರ ಇತ್ತು. ಲಾಭಕ್ಕಾಗಿ ನಡೆಸುವಂತಿಲ್ಲ. ಕಾರ್ಯಕ್ರಮದ ಅರ್ಧದಷ್ಟಾದರೂ ಸ್ಥಳೀಯ ಜನ ಸೇರಿ ಮಾಡಿದ್ದಾಗಿರಬೇಕು. ಗಾಳಿಗೆ ಬಿಡುವ ಶಕ್ತಿಯ ಮಿತಿ ಸಾಮಾನ್ಯವಾಗಿ 100 ವ್ಯಾಟ್. ಮೈಸೂರು ಜಿಲ್ಲೆಯ ಸರಗೂರಿನಲ್ಲಿ ಜನಧ್ವನಿ 90.8 ಹೀಗೇ ಹುಟ್ಟಿತು. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಅದನ್ನು ಶುರು ಮಾಡಿತು. ಕಾಡಂಚಿನ ಊರುಗಳು, ಆದಿವಾಸಿ ಹಾಡಿಗಳ ಜನ ತಮ್ಮ ಮಾತಿನಲ್ಲೇ ತಮ್ಮ ವಿಷಯ ಹೇಳುವ ಜಾಗ. 30 ವ್ಯಾಟಿನಲ್ಲಿ ಮನೆಯಿಂದ ಶುರುವಾದ ಗೋಪಾಲಸ್ವಾಮಿಯವರ ನಿಲಯಕ್ಕೆ ಇವತ್ತು ಹತ್ತಿರದ ನೆಂಟ ಯಾರು ಅಂದರೆ ನಾನು ಇವುಗಳನ್ನೇ ತೋರಿಸುತ್ತೇನೆ. ಇಲ್ಲೂ ದುಡ್ಡಿನ ಕಷ್ಟ ಅದೇ. ಆಗ ಒಬ್ಬ ಮೇಷ್ಟರ ಕೈ, ಈಗ ಒಂದು ಸಂಸ್ಥೆಯ ಕೈ.

ಇವೆಲ್ಲವನ್ನೂ ಒಂದೇ ಪ್ರಯಾಣದಲ್ಲಿ ಕೇಳಬಹುದು. ಮೈಸೂರಿನಿಂದ ಬೆಂಗಳೂರಿಗೆ ಹಳೇ ರಸ್ತೆಯಲ್ಲಿ ಹೊರಡಿ, ರೇಡಿಯೋ 100.6ಕ್ಕೆ ಇಡಿ. ಶ್ರೀರಂಗಪಟ್ಟಣ ದಾಟುವಾಗ ತಿಳಿಯಾಗಿರುತ್ತದೆ. ಮಂಡ್ಯದ ಆಲೆಮನೆಗಳ ಹೊಗೆ ಕಾಣುವಾಗಲೂ ಕೇಳುತ್ತಿರುತ್ತದೆ. ಮದ್ದೂರು ಕಳೆದ ಮೇಲೆ ಮೆಲ್ಲಗೆ ಗೊರಗೊರ ಶುರುವಾಗಿ, ತಿರುವೊಂದರಲ್ಲಿ ಹೋಗಿ, ಏರು ಬಂದಾಗ ತಿರುಗಿ ಬಂದು, ಕೊನೆಗೆ ಮುಳುಗುತ್ತದೆ. ಅದೇ ರೇಡಿಯೋವನ್ನು ಬಿಗ್ ಎಫ್‌ಎಂನ 92.7ಕ್ಕೆ ಇಟ್ಟಿದ್ದರೆ, ಮೈಸೂರಿನಲ್ಲೂ ಬೆಂಗಳೂರಿನಲ್ಲೂ ನಂಬರು ಒಂದೇ, ಹೆಸರೂ ಒಂದೇ. ನಡುವೆ ಸ್ವಲ್ಪ ಹೊತ್ತು ಗದ್ದಲ ಆಗಿ ಊರು ಬದಲಾಗಿರುತ್ತದೆ. ಹಳೇ ಮಾದರಿಯ ಸೆಟ್ಟು ಇದ್ದರೆ 612ಕ್ಕೆ ತಿರುಗಿಸಿ. ಅಲ್ಲಿ ಬೆಂಗಳೂರು ಆಕಾಶವಾಣಿ, 1955ರಲ್ಲಿ ಮೈಸೂರಿನಿಂದ ಎದ್ದು ಹೋದ ನಿಲಯ.